ಹಿಂದಿನ ಬೆಂಚಿಲ್ಲದ ಚರ್ಚು

ದೇವರು ಕೆಲವು ಗುರುಗಳನ್ನು ನಮಗೆ ವಿದ್ಯೆ ಕಲಿಸಲೆಂದು ಕಳಿಸುತ್ತಾನೆ, ಕೆಲವರನ್ನು ತಾಳ್ಮೆ ಕಲಿಸಲೆಂದು. ನಮ್ಮ ಕಾರ್ಖಾನೆಗೆ ಬಂದ ಕೀಗನ್ ಪ್ರೈಸ್ ಅವರು ಇವೆರಡರಲ್ಲಿ ಯಾವ ಬಗೆ ಎಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ಅಮೆರಿಕದ ಮಿನೆಸೋಟ ರಾಜ್ಯದ ನೋರಾ ಲೇಕ್ ಎಂಬ ಊರಿನಲ್ಲಿ ನಾವು ಚರ್ಚುಗಳಿಗೆ ಓಕ್ ಮರದ ಬೆಂಚು ಮಾಡುತ್ತೇವೆ. ಮರದ ಕೆಲಸ ಓರ್ಡೆಲ್ ಎಂಬ ಮುದುಕನದು. ಆ ಬೆಂಚುಗಳಿಗೆ ಮೆತ್ತೆ ಹೊಲಿಯುವವಳು ನಾನು, ಲವೋನ್. ಜೊತೆಗೆ ಇನ್ನಿಬ್ಬರು ಹೆಂಗಸರು. ಜನ ಚರ್ಚಿಗೆ ಬರುವುದು ಕಡಿಮೆಯಾದ ಹಾಗೆ ಬೆಂಚು ಕೇಳುವವರೂ ಕಡಿಮೆಯಾದರು. ಒಂದು ಏಪ್ರಿಲ್ ಬೆಳಿಗ್ಗೆ ಕಾರ್ಖಾನೆಯ ಯಜಮಾನ ವೆಂಡೆಲ್ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತ.

"ಗಾಳಿ ಜೋರಿದೆ," ಅಂದ.

"ಹೌದು, ಜೋರಿದೆ."

"ನಾಳೆ ಇನ್ನೂ ಜೋರಂತೆ."

ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಹವಾಮಾನದಿಂದಲೇ ಶುರುಮಾಡುವುದು. ನಾನು ಯಂತ್ರ ನಿಲ್ಲಿಸಿದೆ. "ಯಾರು ಸತ್ರು ವೆಂಡೆಲ್?"

"ಯಾರೂ ಇಲ್ಲ ಕಣೇ. ಮುಂದಿನ ತಿಂಗಳು ಬೆತೆಲ್ ಚರ್ಚಿನ ಸಮಿತಿಯವರು ಬರ್ತಾರೆ. ಅವರ ಬೆಂಚೆಲ್ಲ ಹಳೇದಾಗಿ ಸೀಳು ಬಿಟ್ಟಿದೆ. ಅವರು ಒಪ್ಪಿದ್ರೆ ಸರಿ. ಇಲ್ದಿದ್ರೆ ಮೆತ್ತೆ ವಿಭಾಗ ಮುಚ್ಬೇಕು. ನಿಮ್ಮ ಮೂವರನ್ನೂ..." ಉಳಿದದ್ದನ್ನು ಕಿಟಕಿಗೆ ಹೇಳಿದ. ಆಮೇಲೆ ಮುಖ ಅರಳಿಸಿಕೊಂಡು, "ಅದಕ್ಕೇ ಕ್ಯಾಲಿಫೋರ್ನಿಯಾದಿಂದ ಒಬ್ಬ ಗುರುನ ಕರೆಸ್ತಿದೀನಿ. ಹೊಸದಾಗಿ ಯೋಚನೆ ಮಾಡೋದು ಹೇಗೆ ಅಂತ ಹೇಳ್ಕೊಡ್ತಾರೆ," ಅಂದ.

ಓರ್ಡೆಲ್ ಆಚೆಯಿಂದ ಕೇಳಿದ: "ಅವರು ಬೆಂಚು ಮಾಡಿದಾರಾ?"

"ಇಲ್ಲ. ಅದೇ ಅವರ ಶಕ್ತಿಯಂತೆ."

ಗುರುಗಳು ಬಂದರು. ಕೆರೆಯ ಮೇಲೆ ಇನ್ನೂ ಹಿಮಗಡ್ಡೆ ಇತ್ತು. ಅವರ ಶೂ ಒಳಗೆ ಕಾಲುಚೀಲ ಇರಲಿಲ್ಲ. ವಿರಕ್ತಿಯ ಲಕ್ಷಣ ಇರಬಹುದೆಂದು ನಾನು ಸುಮ್ಮನಿದ್ದೆ. ಬಂದ ದಿನವೇ ಗೋಡೆ, ಕಂಬ, ಗರಗಸಗಳ ಮೇಲೆಲ್ಲ ಹಳದಿ ಅಂಟುಚೀಟಿ ಹಚ್ಚಿದರು. ನಮ್ಮನ್ನು ಸುತ್ತ ನಿಲ್ಲಿಸಿಕೊಂಡು, "ಇವತ್ತಿಂದ ಒಂದು ನೆನಪಿಟ್ಕೊಳ್ಳಿ. ತಪ್ಪು ಉತ್ತರ ಅಂತ ಯಾವುದೂ ಇಲ್ಲ!" ಅಂದರು.

"ಇದೆ ಕಣಪ್ಪಾ," ಎಂದು ಓರ್ಡೆಲ್ ಎಡಗೈ ಎತ್ತಿ ತೋರಿಸಿದ. ಅದರಲ್ಲಿ ಮೂರೂವರೆ ಬೆರಳಿದ್ದವು.

ಗುರುಗಳು ಅದನ್ನೂ ಚೀಟಿಯಲ್ಲಿ ಬರೆದುಕೊಂಡರು. ಎರಡನೆಯ ಪಾಠ, ಸೋಲುವುದಾದರೆ ಬೇಗ ಸೋಲಬೇಕು ಎನ್ನುವುದು. ನಾವು ಹದಿನೈದು ವರ್ಷದಿಂದ ನಿಧಾನವಾಗಿ, ಮರ್ಯಾದೆಯಿಂದ ಸೋಲುತ್ತಾ ಬಂದಿದ್ದೆವು. ಅದು ತಪ್ಪು ಕ್ರಮ ಎಂದು ಆಗ ಗೊತ್ತಾಯಿತು.

ಸುಳ್ಳು ಹೇಳಬಾರದು, ಒಂದು ಮಾತನ್ನು ಅವರು ನಿಜವಾಗಿಯೂ ಚೆನ್ನಾಗಿ ಹೇಳಿದರು. "ಬೆಂಚು ಮಾಡೋರು ಬೆಂಚನ್ನ ನೋಡ್ಬಾರದು. ಕೂರೋರನ್ನ ನೋಡ್ಬೇಕು." ನಾನು ಅದನ್ನು ಹೊಲಿಗೆ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟುಕೊಂಡೆ. ಹೇಳುವಾಗ ಅವರು ಮಾತ್ರ ನಮಗೆ ಬೆನ್ನು ತಿರುಗಿಸಿ ಗೋಡೆಯ ಚೀಟಿಗಳನ್ನು ನೋಡುತ್ತಿದ್ದರು.

ಮುಂದಿನ ಭಾನುವಾರ ಅವರು ನಮ್ಮ ಚರ್ಚಿಗೆ ಬಂದರು; ಪ್ರಾರ್ಥನೆಗಲ್ಲ, ಅಧ್ಯಯನಕ್ಕೆ. ಹಾಡುವವರ ಅಟ್ಟದ ಮೇಲೆ ನಿಂತು ಕೆಳಗಿನವರನ್ನು ಎಣಿಸಿದರು. ಸೋಮವಾರ ಕಾರ್ಖಾನೆಗೆ ಓಡಿಬಂದ ಅವರ ಮುಖದಲ್ಲಿ ಬೆಟ್ಟದ ಮೇಲೆ ದೇವರನ್ನು ಕಂಡು ಇಳಿದವರ ಕಳೆ ಇತ್ತು.

"ಜನ ಹಿಂದಿನಿಂದ ತುಂಬ್ಕೊಂಡು ಬರ್ತಾರೆ! ಮುಂದಿನ ಆರು ಸಾಲು ಪೂರ್ತಿ ಖಾಲಿ!"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನ್ನ ಅಜ್ಜಿಯ ಅಜ್ಜಿ ನಾರ್ವೆಯಿಂದ ಹಡಗು ಹತ್ತಿ ಬಂದವಳು. ಹಡಗಿನಲ್ಲೂ ಅವಳು ಹಿಂದೆಯೇ ಕುಳಿತಿದ್ದಳಂತೆ. ಮುಂದಿನ ಸಾಲಿನಲ್ಲಿ ಕೂತವನು ತಾನೇ ದೊಡ್ಡ ಭಕ್ತ ಎಂದು ಸಾರಿಕೊಂಡ ಹಾಗೆ. ನಮ್ಮ ಲೂಥರನ್ ಪಂಥದ ಸಭೆಯಲ್ಲಿ ಅಂಥ ಪಾಪ ಯಾರು ಮಾಡುತ್ತಾರೆ?

"ಈಗ ಯೋಚನೆ ಮಾಡಿ," ಗುರುಗಳ ದನಿ ತಗ್ಗಿತು. "ಹಿಂದಿನ ಸಾಲು ಅನ್ನೋದೇ ಇಲ್ದಿದ್ರೆ?"

ಹಾಗೆ ಹುಟ್ಟಿತು ಉಂಗುರದ ಬೆಂಚು. ಎಲ್ಲರೂ ವೃತ್ತವಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುವುದು. ಹೇಗಿದೆ ಎಂದು ಅವರು ಕೇಳಿದಾಗ ವೆಂಡೆಲ್, "ಈ ತರಹದ್ದು ನೋಡಿರ್ಲಿಲ್ಲ," ಅಂದ. ನಮ್ಮಲ್ಲಿ ಬೇಡ ಎನ್ನುವುದಕ್ಕೆ ಇದಕ್ಕಿಂತ ಒರಟಾದ ಮಾತಿಲ್ಲ. ಗುರುಗಳು ಅವನ ಬೆನ್ನು ತಟ್ಟಿದರು. ಓರ್ಡೆಲ್ ಮೂರು ವಾರ ಓಕ್ ಹಲಗೆಗಳಿಗೆ ಹಬೆ ಕೊಟ್ಟು ಬಗ್ಗಿಸಿದ. ಒಂದೊಂದು ಹಲಗೆ ಬಗ್ಗುವಾಗಲೂ ಅದರ ಕ್ಷಮೆ ಕೇಳುತ್ತಿದ್ದ.

ಸಮಿತಿಯವರು ಬಂದರು. ಆರು ಜನ. ಮುಂದಾಳು ಹಾರ್ಲನ್, ಎಂಬತ್ತು ದಾಟಿದವನು, ಮಂಡಿ ಶಸ್ತ್ರಚಿಕಿತ್ಸೆಯಾಗಿ ಕೋಲು ಹಿಡಿದಿದ್ದ. ಅವನ ಹಿಂದೆ ಆರ್ಡಿಸ್ ಎಂಬ ಹೆಂಗಸು. ಫೆಬ್ರವರಿಯಲ್ಲಿ ಅವಳ ಗಂಡ ತೀರಿಕೊಂಡದ್ದನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಕಾಫಿ ಇಟ್ಟೆವು, ನಿಂಬೆಯ ಕೇಕ್ ಇಟ್ಟೆವು. ಆರೂ ಜನ ಉಂಗುರದ ಬೆಂಚಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಿಂದಿನ ಸಾಲನ್ನು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿಯಿತು. ಅದು ಸಿಗಲಿಲ್ಲ. ಹೋಗಿ ಗೋಡೆಗೆ ಆನಿಕೊಂಡು ನಿಂತರು.

"ಕೂತ್ಕೊಳ್ಳಿ, ಕೂತ್ಕೊಳ್ಳಿ!" ಎಂದರು ಗುರುಗಳು.

"ಬೇಡ ಬೇಡ. ಕಾರಲ್ಲಿ ಕೂತ್ಕೊಂಡೇ ಬಂದ್ವಿ," ಅಂದ ಹಾರ್ಲನ್.

"ನೀವು ಕೂತ್ಕೊಳ್ಳಿ ಪಾಪ," ಅಂದಳು ಆರ್ಡಿಸ್ ಗುರುಗಳಿಗೆ.

ಕೀಗನ್ ಪ್ರೈಸ್ ನಲವತ್ತು ನಿಮಿಷ ಆ ಉಂಗುರದ ನಡುವೆ ಒಬ್ಬರೇ ನಿಂತು, ಗಾಣದ ಎತ್ತಿನಂತೆ ತಿರುಗುತ್ತಾ ಮಾತಾಡಿದರು. ಕೇಳುವವರು ಇಷ್ಟು ಮೌನವಾಗಿರುವುದನ್ನು ಅವರು ಎಲ್ಲೂ ಕಂಡಿರಲಿಲ್ಲ. ತಟ್ಟೆ ಖಾಲಿ ಮಾಡಿದವರು ಎನಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲದೆ, ಕೊನೆಯ ಕೇಕ್ ತುಂಡನ್ನು ಒಬ್ಬೊಬ್ಬರೂ ಅರ್ಧ ಮಾಡಿ ಉಳಿಸುತ್ತಾ ಬಂದದ್ದರಿಂದ ಅದು ಕಡಲೆಬೇಳೆಯಷ್ಟಾಗಿ ಅಲ್ಲೇ ಇತ್ತು.

ಅಷ್ಟರಲ್ಲಿ ಹಾರ್ಲನ್‌ನ ಮಂಡಿ ಸೋತಿತು. ಬಾಗಿಲ ಪಕ್ಕ ನಾವು ಊಟಕ್ಕೆ ಕೂರುವ ಒಂದು ಹಳೆಯ ಬೆಂಚಿತ್ತು. ಮರದಲ್ಲಿ ಗಂಟು ಬಂದಿದೆಯೆಂದು ಓರ್ಡೆಲ್ ಮೂವತ್ತು ವರ್ಷದ ಹಿಂದೆ ತಳ್ಳಿಹಾಕಿದ್ದು. ಉಳಿದ ಕೆಂಪು ಬಟ್ಟೆಯಲ್ಲಿ ನಾನೇ ಅದಕ್ಕೊಂದು ಮೆತ್ತೆ ಹೊಲಿದಿದ್ದೆ. ಮೇಲೆ ಕಾಫಿ ಕಲೆಗಳಿದ್ದವು. ಹಾರ್ಲನ್ ಕೋಲಿನಿಂದ ಅದನ್ನು ಗೋಡೆಗೆ ಎಳೆದುಕೊಂಡು ಕೂತ. ಪಕ್ಕದಲ್ಲಿ ಆರ್ಡಿಸ್ ಕೂತಳು. ಐದು ಜನರ ಬೆಂಚಿನಲ್ಲಿ ಆರೂ ಜನ ಒತ್ತಿಕೊಂಡು ಕೂತು ಒಟ್ಟಿಗೇ ಉಸಿರು ಬಿಟ್ಟರು.

"ಇದು ಯಾರ ಕೆಲಸ?" ಎಂದು ಕೇಳಿದ ಹಾರ್ಲನ್.

"ನಂದೇ. ಅಂಥಾದ್ದೇನಿಲ್ಲ," ಅಂದ ಓರ್ಡೆಲ್. ಅವನ ಜೀವಮಾನದಲ್ಲಿ ಅವನು ಜಂಬ ಕೊಚ್ಚಿಕೊಂಡದ್ದು ಅದೊಂದೇ ಸಲ.

"ಇಂಥವೇ ಇಪ್ಪತ್ನಾಲ್ಕು ಮಾಡ್ಕೊಡಿ. ಮೆತ್ತೆ ಮಾತ್ರ ಹಿಂದಿನ ನಾಲ್ಕಕ್ಕೆ ಸಾಕು. ಮುಂದೆ ಯಾರೂ ಕೂರಲ್ಲ. ಇಲ್ಲದ ಜನಕ್ಕೆ ಮೆತ್ತೆ ಯಾತಕ್ಕೆ?"

ವೆಂಡೆಲ್ ಕಿಟಕಿಯ ಕಡೆ ನೋಡಿದ. ನಾಲ್ಕು ಮೆತ್ತೆ ಎಂದರೆ ಮೂರು ಹೆಂಗಸರಿಗೆ ಮೂರು ದಿನದ ಕೆಲಸ. ಓರ್ಡೆಲ್‌ನ ಕೆಲಸ ಉಳಿಯಿತು, ನಮ್ಮದು ಹೋಯಿತು. ಮೂವತ್ತೊಂದು ವರ್ಷ ಕೂತ ನನ್ನ ಸ್ಟೂಲನ್ನು ಒಮ್ಮೆ ನೋಡಿದೆ. ಗುರುಗಳು ಮಾತ್ರ ಆನಂದದಿಂದ ಏನನ್ನೋ ಚೀಟಿಯಲ್ಲಿ ಬರೆಯುತ್ತಿದ್ದರು.

ಆಗ ನನಗೆ ಅವರ ಮಾತು ನೆನಪಾಯಿತು. ಬೆಂಚನ್ನು ಬಿಟ್ಟು ಕೂತವರನ್ನು ನೋಡಿದೆ. ಆರ್ಡಿಸ್‌ಳ ಕೈ ಆ ಕೆಂಪು ಮೆತ್ತೆಯ ಮೇಲೆ ಮೆಲ್ಲಗೆ ಆಡುತ್ತಿತ್ತು, ಮಲಗಿದ ಬೆಕ್ಕನ್ನು ನೇವರಿಸುವ ಹಾಗೆ.

"ಹಾರ್ಲನ್, ತಪ್ಪು ತಿಳ್ಕೋಬೇಡಿ," ಅಂದೆ. "ಮಣ್ಣಿಗೆ ಇಡೋ ದಿನ ಮನೆಯವರು ಎಲ್ಲಿ ಕೂರ್ತಾರೆ?"

ಹಾರ್ಲನ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಮೊದಲನೇ ಸಾಲಲ್ಲಿ," ಅಂದಳು ಆರ್ಡಿಸ್. "ಪಾಸ್ಟರ್ ಅವತ್ತು ಏನು ಹೇಳಿದ್ರೋ ನನಗೆ ಒಂದಕ್ಷರ ನೆನಪಿಲ್ಲ. ಮರ ಎಷ್ಟು ತಣ್ಣಗಿತ್ತು ಅನ್ನೋದು ನೆನಪಿದೆ." ಮೆತ್ತೆಯನ್ನು ಒಮ್ಮೆ ತಟ್ಟಿ, "ಎಲ್ಲಾದಕ್ಕೂ ಹಾಕ್ಸೋಣ ಹಾರ್ಲನ್. ನೀನೂ ಒಂದಿನ ಮುಂದೆ ಬರ್ಲೇಬೇಕು," ಅಂದಳು.

"ನಾನು ಬಂದಾಗ ಪೆಟ್ಟಿಗೇಲಿ ಮಲಗಿರ್ತೀನಿ ಬಿಡು. ನನಗ್ಯಾಕೆ ಮೆತ್ತೆ?"

"ನಿನ್ ಹೆಂಡ್ತಿ ಕೂತಿರ್ತಾಳಲ್ಲೋ ಮುದುಕಾ."

ಹಾರ್ಲನ್ ಬಹಳ ಹೊತ್ತು ಟೋಪಿಯ ಅಂಚನ್ನು ತಿರುಗಿಸಿದ. "ಅವಳಿಗೆ ಸೊಂಟ ನೋವಿದೆ," ಅಂದ ಕೊನೆಗೆ. "ಆಯ್ತು. ಇಪ್ಪತ್ನಾಲ್ಕಕ್ಕೂ ಹಾಕಿ. ಇದೇ ಕೆಂಪು."

ಅವರು ಹೋದ ಮೇಲೆ ನನಗೆ ಸಮಾಧಾನ ಇರಲಿಲ್ಲ. ಒಬ್ಬಳ ಗಾಯ ಮುಟ್ಟಿ ನನ್ನ ಅನ್ನ ಉಳಿಸಿಕೊಂಡೆನೇ ಎಂದು ದೇವರನ್ನು ಕೇಳಿದೆ. ಅವನು ಏನೂ ಹೇಳಲಿಲ್ಲ. ಗುರುಗಳು ಹೇಳಿದರು.

"ನೋಡಿದ್ರಾ ಲವೋನ್? ಉಂಗುರ ಇಲ್ದಿದ್ರೆ ಅವರು ನಿಂತಿರ್ತಿರ್ಲಿಲ್ಲ. ನಿಂತಿಲ್ದಿದ್ರೆ ಮಂಡಿ ನೋಯ್ತಿರ್ಲಿಲ್ಲ. ಮಂಡಿ ನೋಯ್ದಿದ್ರೆ ಆ ಬೆಂಚು ಎಳೀತಿರ್ಲಿಲ್ಲ. ನಾನು ಹೇಳ್ಕೊಡಕ್ಕೆ ಬಂದಿದ್ದೇ ಇದನ್ನ!"

ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದು ಕೋಳಿ ಹೇಳಿದರೆ ನಗಬಹುದು. ಈ ಲೆಕ್ಕ ಮಾತ್ರ ಎಲ್ಲಿ ಎಳೆದರೂ ಬಿಚ್ಚಲಿಲ್ಲ, ಅದೇ ಸಂಕಟ. "ಈ ತರಹದ್ದು ನೋಡಿರ್ಲಿಲ್ಲ," ಅಂದೆ. ಅವರು ನನ್ನ ಕೈ ಕುಲುಕಿದರು.

ಉಂಗುರದ ಬೆಂಚನ್ನು ಕೆರೆ ದಂಡೆಯ ಮೇಪಲ್ ಮರದ ಸುತ್ತ ಇಟ್ಟಿದ್ದೇವೆ. ಬಾತುಕೋಳಿಗಳು ಕೂರುತ್ತವೆ, ಅವಕ್ಕೆ ಹಿಂದೆ ಮುಂದೆ ಎಂಬ ಭೇದವಿಲ್ಲ.

ಊರಿಗೆ ಹೊರಡುವ ಮೊದಲಿನ ಭಾನುವಾರ ಗುರುಗಳು ಚರ್ಚಿಗೆ ಬಂದರು. ಈ ಸಲ ಅಟ್ಟ ಹತ್ತಲಿಲ್ಲ; ಬಾಗಿಲಲ್ಲಿ ನಿಂತು ಖಾಲಿ ಇದ್ದ ಮುಂದಿನ ಆರು ಸಾಲನ್ನು ನೋಡಿದರು. ಅವರನ್ನು ಕಂಡು ಪಾಸ್ಟರ್ ಮುಂದೆ ಬನ್ನಿ ಎಂದು ಕೈ ಮಾಡಿದರು. ನಾನು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದೆ. ಯಾರೋ ಭುಜ ಮುಟ್ಟಿದರು.

"ಲವೋನ್," ಎಂದು ಗುರುಗಳು ಪಿಸುಗುಟ್ಟಿದರು, "ಚೂರು ಆ ಕಡೆ ಸರೀತೀರಾ?"

ಕೊನೆಯ ಸಾಲಿನಲ್ಲಿ ನಾವು ಆಗಲೇ ಏಳು ಜನ ಇದ್ದೆವು. ಸರಿದೆ. ಅವರ ಕಾಲಲ್ಲಿ ಉಣ್ಣೆಯ ಕಾಲುಚೀಲ ಇತ್ತು.