ಸೊನ್ನೆಗೂ ಹತ್ತಕ್ಕೂ ನಡುವೆ

ಮಲದ ಗುಂಡಿಗೆ ಇಳಿಯುವ ಮುಂಚೆ ಒಳಗಿನ ವಿಷಗಾಳಿಯನ್ನು ಅಳೆಯುವ ಮೀಟರ್ ಅದು. ಸೆನ್ಸರ್ ಮೂಸಿದ್ದನ್ನು ಅಂಕಿಯಾಗಿಸಲು ಯಾವ ಚಿಪ್ ಬೇಕೆಂದು ಆರಿಸುವುದು, ಮೀಟರ್ ಕಾರ್ಖಾನೆಯ ಎಂಜಿನಿಯರ್ ಆದ ಅವಳ ಕೆಲಸ. ಆರಿಸುವುದಷ್ಟೇ, ಒಪ್ಪುವುದು ಕಾರ್ಖಾನೆಯ ಮಾಲೀಕರ ಕೆಲಸ.

"ಎಂಟು ಬಿಟ್‌ನ ಹಳೇ ಚಿಪ್ಪೇ ಸಾಕಮ್ಮ. ಗೋದಾಮಲ್ಲಿ ಡಬ್ಬಿಗಟ್ಟಲೆ ಬಿದ್ದಿವೆ. ನೀನು ಇರುವೆ ಅಳೆಯೋಕೆ ಹೊರಟಿದೀಯ."

"ಸರ್, ಅದು ಸೊನ್ನೆಯಿಂದ ಒಂದೇ ಸಲ ನಲವತ್ತಕ್ಕೆ ಹಾರತ್ತೆ. ನಡುವೆ ಎಷ್ಟೇ ಗಾಳಿ ಕೆಟ್ಟಿದ್ರೂ ಸೊನ್ನೆ ಅಂತಾನೇ ತೋರಿಸತ್ತೆ. ಅಪಾಯದ ಗಂಟೆ ಅಂಕಿ ಹತ್ತು ದಾಟಿದ ಕೂಡ್ಲೇ ಹೊಡೀಬೇಕು. ಆ ಸೊನ್ನೆ ನಂಬಿ ಇಳಿಯೋದು ನಮ್ಮ ಮಾವ, ನೀವಲ್ಲ."

ಮಾವ ಅವಳ ತಾಯಿಯ ತಮ್ಮ. ಗುಂಡಿ ಇಳಿದಿಳಿದೇ ಅವಳನ್ನು ಓದಿಸಿದವನು. ಮಾಲೀಕರು ಗೊಣಗಿದರು: "ಸರಿ, ನಾಳೆ ಗುಂಡಿ ಹತ್ರಾನೇ ನೋಡೋಣ."

ಮರುದಿನ ಬೆಳಗ್ಗೆ ಒಂದೇ ಸೆನ್ಸರಿನ ತಂತಿಯನ್ನು ಅವಳು ಎರಡು ಮೀಟರ್‌ಗಳಿಗೆ ಜೋಡಿಸಿದಳು, ಒಂದರಲ್ಲಿ ಹಳೆಯ ಚಿಪ್, ಇನ್ನೊಂದರಲ್ಲಿ ಅವಳು ಆರಿಸಿದ್ದು. ಸೆನ್ಸರನ್ನು ಗುಂಡಿಯೊಳಗೆ ಇಳಿಬಿಟ್ಟಳು. ಮಾವ ಚಪ್ಪಲಿ ಬಿಚ್ಚಿ ಮನೆಯ ದಿಕ್ಕಿಗೆ ತಿರುಗಿಸಿಟ್ಟ. ಇಳಿಯುವವರೆಲ್ಲ ಹಾಗೇ ಇಡುತ್ತಾರೆ. ಮೇಲೆ ಬಂದ ಕಾಲು ದಾರಿ ಹುಡುಕಬಾರದಂತೆ. ಸೊನ್ನೆ ಕಂಡರೆ ಮತ್ತೊಂದು ಮಾತಿಗೆ ನಿಲ್ಲದೆ ಇಳಿಯುವುದೂ ಅವರ ರೂಢಿಯೇ.

ಹಳೆಯ ಮೀಟರ್ ಸೊನ್ನೆ ತೋರಿಸಿತು. ಮಾವ ಏಣಿಗೆ ಕಾಲಿಟ್ಟೇಬಿಟ್ಟ.

"ತಾಳು ಮಾವಾ!"

ಹೊಸದರಲ್ಲಿ ನಾಲ್ಕು. ಏಳು. ಹನ್ನೊಂದು. ಗಂಟೆ ಕಿರುಚಿಕೊಂಡಿತು. ಪಕ್ಕದ ಹಳೆಯದು ಏನೂ ಅರಿಯದ ಸಾಕ್ಷಿಯಂತೆ ಸೊನ್ನೆಯಲ್ಲೇ ಕುಳಿತಿತ್ತು.

ಮಾವ ಕಾಲನ್ನು ಮೇಲಕ್ಕೆಳೆದುಕೊಂಡ. ಅವಳಿಗೆ ಹೋದ ಜೀವ ಬಂದಂತಾಯಿತು. ಮಣ್ಣಲ್ಲೇ ಕುಸಿದು ಕುಳಿತು ನಕ್ಕಳು, ಕಣ್ಣು ತುಂಬಿದ್ದೂ ಗೊತ್ತಾಗಲಿಲ್ಲ.

"ನಿನ್ನ ಚಿಪ್ಪು ಥೇಟ್ ನಿಮ್ಮಮ್ಮನ ಥರ ಕಣೇ," ಎಂದ ಮಾವ. "ಚೂರು ಕೆಟ್ಟ ವಾಸನೆ ಬಂದ್ರೂ ಬೀದಿ ಕೇಳೋ ಹಾಗೆ ಕೂಗತ್ತೆ."

ಮಾಲೀಕರು ಬೆವರೊರೆಸಿಕೊಂಡರು. ಏಣಿಗೇ ಕಾಗದ ಒತ್ತಿಟ್ಟು ಹೊಸ ಚಿಪ್ಪಿಗೆ ಸಹಿ ಹಾಕಿದರು. "ಹಳೇವನ್ನ ಎಸೆದುಬಿಡಮ್ಮ."

"ಎಸೀಬೇಡಿ ಯಜಮಾನ್ರೇ," ಎಂದ ಮಾವ. "ಗುಂಡಿ ತೊಳೆಯೋಕೆ ಮನುಷ್ಯರು ಬೇಡ, ಯಂತ್ರ ಕೊಡಿ ಅಂತ ಹತ್ತು ವರ್ಷದಿಂದ ಅರ್ಜಿ ಹಾಕ್ತಿದೀವಿ. ಆ ಪುರಸಭೆ ಕಛೇರಿಯವರಿಗೆ ಕಳಿಸಿ. ನಮ್ಮವರು ಎಷ್ಟು ಜನ ಸತ್ರೂ ಅವರಿಗೆ ಕಾಣೋದು ಸೊನ್ನೇನೇ. ಆ ಚಿಪ್ಪು ಅವರಿಗೇ ಸರಿ."

ಮಾಲೀಕರಿಗೆ ನಗು ಬರಲಿಲ್ಲ. ಮಾವ, ಕೊಳೆಯಾಗದ ಪಾದಗಳನ್ನು ಚಪ್ಪಲಿಗೆ ತೂರಿಸಿದ. ಅವು ಆಗಲೇ ಮನೆಯ ಕಡೆ ತಿರುಗಿದ್ದವು.

"ಏಳೇ. ಇವತ್ತು ಸ್ನಾನ ಮಾಡದೇ ಊಟಕ್ಕೆ ಕೂರ್ತೀನಿ. ನಿಮ್ಮಮ್ಮ ಬೈದರೆ ಬೈಯ್ಲಿ."