ನಮ್ಮನ್ನು ಬಿಟ್ಟು ತೂಗಿದ ಟ್ರಕ್ಕು

ಟ್ರೈಲರ್ ಮನೆಯನ್ನು ಕೊಂಡಾಗಿತ್ತು. ಹೊಲವನ್ನು ಗುತ್ತಿಗೆಗೆ ಕೊಟ್ಟು, ಅದರ ನಡುವಿನ ನಮ್ಮ ಮನೆಯ ಬೀಗದ ಕೈಯನ್ನೂ ನನ್ನ ಗಂಡ ವರ್ಲಿನ್‌ನ ಅಣ್ಣನ ಮಗನಿಗೆ ಒಪ್ಪಿಸಿಯಾಗಿತ್ತು. ಇನ್ನು ಉಳಿದದ್ದು, ಆ ಟ್ರೈಲರನ್ನು ಎಳೆಯುವ ಟ್ರಕ್ಕು ಯಾವುದು ಎಂಬ ಪ್ರಶ್ನೆ. ವರ್ಲಿನ್‌ಗೆ ಅದು ಪ್ರಶ್ನೆಯೇ ಆಗಿರಲಿಲ್ಲ.

"ಓರ್ಲನ್ ಟ್ರಕ್ ಇದೆಯಲ್ಲ" ಎಂದ.

ಓರ್ಲನ್ ಅವನ ಅಣ್ಣ. ಹಿಂದಿನ ವರ್ಷ ಗೋಧಿ ಕೊಯ್ಲು ಮುಗಿದ ವಾರವೇ ತೀರಿಕೊಂಡ. ಅವನ ಬಿಳಿ ಟ್ರಕ್ಕನ್ನು ಮಗ ಚಿಕ್ಕಪ್ಪನಿಗೆ ಬಿಟ್ಟುಕೊಟ್ಟಿದ್ದ. ಅದರ ಸೀಟಿನ ಸಂದಿಯಲ್ಲಿ ಬೆರಳಾಡಿಸಿದರೆ ಓರ್ಲನ್ ತಿಂದು ಬಿಸಾಡಿದ ಸೂರ್ಯಕಾಂತಿ ಬೀಜದ ಸಿಪ್ಪೆ ಇನ್ನೂ ಸಿಗುತ್ತಿತ್ತು.

"ಒಳ್ಳೇ ಟ್ರಕ್ಕೇ ಅದು. ಈ ಟ್ರೈಲರಿಗೆ ಸಾಲದೇನೋ ಅಂತ ಅನುಮಾನ ನಂಗೆ" ಎಂದೆ.

"ನೀನು ಅನುಮಾನ ಪಡದೇ ಇರೋ ವಸ್ತು ಯಾವುದಿದೆ ಹೇಳು ನೇಡೀನ್. ಮದುವೆ ದಿನ ಕೇಕ್ ಮೇಲೂ ಅನುಮಾನ ಪಟ್ಟಿದ್ದೆ."

"ಆ ಕೇಕು ಕುಸಿದುಬಿತ್ತಲ್ಲ."

"ಕುಸಿದಿದ್ದನ್ನೇ ಎಲ್ರೂ ಚಪ್ಪರಿಸಿಕೊಂಡು ತಿಂದ್ರು."

ಬೇರೆ ಟ್ರೈಲರುಗಳು ವಾಹನದ ಹಿಂದೆ ಜೋತುಕೊಂಡು ಬರುತ್ತವೆ. ನಮ್ಮದು ಫಿಫ್ತ್ ವೀಲ್. ಅದರ ಮೂತಿ ಟ್ರಕ್ಕಿನ ಬೆನ್ನಿನ ಮೇಲೆ ಹತ್ತಿ ಕೂರುತ್ತದೆ. ಹಾಗಾಗಿ ಟ್ರಕ್ಕಿಗೆ ಎಳೆಯುವ ಶಕ್ತಿ ಇದ್ದರೆ ಸಾಲದು, ಹೊರುವ ಶಕ್ತಿಯೂ ಬೇಕು. ಎಷ್ಟು ಎಳೆಯುತ್ತದೆ ಎಂಬುದನ್ನು ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿ ಹಾಕುತ್ತಾರೆ. ಎಷ್ಟು ಹೊರುತ್ತದೆ ಎಂಬುದು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಪುಟ್ಟ ಚೀಟಿಯಲ್ಲಿರುತ್ತದೆ, ಬಗ್ಗಿ ಓದಬೇಕು. ನಾನು ಶಾಲೆಯ ಗ್ರಂಥಾಲಯ ನೋಡಿಕೊಂಡಿದ್ದವಳು. ಸಣ್ಣ ಅಕ್ಷರ ಕಂಡರೆ ಬಿಡುವವಳಲ್ಲ.

ನಾವು ಹೋಗಬೇಕಾಗಿದ್ದದ್ದು ಮಗಳು ಜೋಲೀನ್ ಇರುವ ಕೊಲರಾಡೋದ ಗನಿಸನ್‌ಗೆ, ಅಲ್ಲಿಂದ ಚಳಿಗಾಲಕ್ಕೆ ಅರಿಜೋನಾಕ್ಕೆ. ನಡುವೆ ಮೊನಾರ್ಕ್ ಘಟ್ಟ. ಹತ್ತುವುದರ ಚಿಂತೆ ನನಗಿರಲಿಲ್ಲ. ಹತ್ತಲಾರದ ಟ್ರಕ್ಕು ನಿಂತುಬಿಡುತ್ತದೆ, ಅಷ್ಟೆ. ನನ್ನ ಚಿಂತೆಯೆಲ್ಲ ಇಳಿಯುವಾಗ ನಿಲ್ಲಲಾರದ ಟ್ರಕ್ಕಿನದು. ಹಿಂದೆ ಒಂದಿಡೀ ಮನೆ, ಬೆನ್ನಿಗೆ ಅದರ ಭಾರ.

ಗಾರ್ಡನ್ ಸಿಟಿಯ ಟ್ರಕ್ ಅಂಗಡಿಗೆ ಅವನನ್ನು ಒಂದು ಸಲ ಎಳೆದುಕೊಂಡು ಹೋದೆ. ಹಿಂದೆ ಎರಡೂ ಕಡೆ ಜೋಡಿ ಚಕ್ರಗಳಿದ್ದ ಟ್ರಕ್ಕೊಂದರ ಮುಂದೆ ನಿಲ್ಲಿಸಿದೆ. ವರ್ಲಿನ್ ಸುತ್ತ ಒಂದು ಸುತ್ತು ಬಂದು, ಚಕ್ರದ ಮೇಲಿನ ಉಬ್ಬಿದ ತಗಡನ್ನು ಬೆರಳ ಗೆಣ್ಣಿನಿಂದ ತಟ್ಟಿದ.

"ಆರು ಚಕ್ರ. ಏನು, ಮೆರವಣಿಗೆಗೆ ಹೊರಟಿದೀವಾ? ಓರ್ಲನ್ ನೋಡಿದ್ರೆ ಬಿದ್ದು ಬಿದ್ದು ನಗ್ತಿದ್ದ."

"ಓರ್ಲನ್ ಈ ಟ್ರೈಲರಲ್ಲಿ ಘಟ್ಟ ಇಳಿಯೋನಲ್ಲ ವರ್ಲಿನ್. ಇಳಿಯೋರು ನಾವು."

ಅವನ ಮುಖ ಬಾಡಿತು. ಹಾಗೆ ಹೇಳಬಾರದಾಗಿತ್ತು ಅನ್ನಿಸಿತಾದರೂ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ವಾಪಸು ಬರುವ ದಾರಿಯಲ್ಲಿ ಒಂದು ಒಪ್ಪಂದವಾಯಿತು. ಓರ್ಲನ್‌ನ ಟ್ರಕ್ಕಿಗೆ ಟ್ರೈಲರ್ ಕಟ್ಟಿ ನಮ್ಮೂರಿನ ಧಾನ್ಯದ ಗೋದಾಮಿನಲ್ಲಿ ತೂಗಿಸುವುದು. ಚೀಟಿಯಲ್ಲಿರುವ ಮಿತಿಯೊಳಗೆ ಬಂದರೆ ನಾನು ಬಾಯಿ ತೆರೆಯಬಾರದು. ಮೀರಿದರೆ ಅವನು ಆರು ಚಕ್ರದ್ದನ್ನು ಕೊಳ್ಳಬೇಕು.

ಗೋದಾಮಿನ ತೂಕದ ಕಿಟಕಿಯಲ್ಲಿ ಕೂರುವವಳು ಟ್ವೈಲಾ. ನಮ್ಮ ಕ್ಯಾನ್ಸಸ್ ಸೀಮೆಯ ಗೋಧಿಯೆಲ್ಲ ಅವಳ ಕಣ್ಣೆದುರೇ ತೂಗಿಸಿಕೊಂಡು ಹೋಗಬೇಕು. ತುಂಬಿದ ಟ್ರಕ್ಕನ್ನು ಒಮ್ಮೆ, ಸುರಿದು ಬರಿದಾದ ಟ್ರಕ್ಕನ್ನು ಒಮ್ಮೆ ತೂಗುತ್ತಾಳೆ. ಎರಡು ಸಲವೂ ಟ್ರಕ್ಕಿನಲ್ಲಿರುವವರೆಲ್ಲ ಕೆಳಗಿಳಿದು ತಕ್ಕಡಿಯ ಆಚೆ ಹುಲ್ಲಿನ ಮೇಲೆ ನಿಲ್ಲಬೇಕೆಂಬುದು ಅಲ್ಲಿನ ಪದ್ಧತಿ. ಯಾರೋ ತನ್ನ ಮೈಭಾರವನ್ನು ಗೋಧಿಯ ಲೆಕ್ಕಕ್ಕೆ ಸೇರಿಸಿದನೆಂಬ ಮಾತು ಬರಬಾರದು. ನಮ್ಮ ಕಡೆ ಮಕ್ಕಳು ನಡೆಯಲು ಕಲಿತ ಕೂಡಲೇ ಇದನ್ನೂ ಕಲಿಯುತ್ತವೆ.

ಆ ದಿನ ಟ್ರೈಲರಿನ ಚಕ್ರಗಳು ಹೊರಗುಳಿಯುವಂತೆ, ಟ್ರಕ್ಕು ಮಾತ್ರ ತಕ್ಕಡಿಯ ಮೇಲೆ ಬರುವಂತೆ ವರ್ಲಿನ್ ನಾಜೂಕಾಗಿ ನಿಲ್ಲಿಸಿದ. ಟ್ವೈಲಾ ಕಿಟಕಿಯಿಂದ ಕತ್ತು ಹೊರಹಾಕಿದಳು.

"ಏನೋ ವರ್ಲಿನ್, ಹೆಂಡ್ತೀನ ಗೋಧಿ ರೇಟಿಗೆ ಮಾರೋಕೆ ಬಂದ್ಯಾ?"

"ರೇಟು ಬಿದ್ದಿದೆಯಂತಲ್ಲ. ಇನ್ನೊಂದು ವರ್ಷ ಇಟ್ಕೊಳ್ತೀನಿ."

"ಅವಳು ನಿನ್ನನ್ನ ಇಟ್ಕೊಂಡಿರೋದು ಕಣೋ. ಇಳೀರಿ, ಇಳೀರಿ."

ಇಳಿದೆವು. ನಮ್ಮ ನಾಯಿ ಮೇಜರ್ ಕೂಡ ಹಿಂದಿನ ಸೀಟಿನಿಂದ ಧುಮುಕಿ ಬಂದು ನನ್ನ ಕಾಲಿಗೆ ಒರಗಿ ಕೂತಿತು. ಟ್ವೈಲಾ ಅಂಕಿಯನ್ನು ಕೂಗಿ ಹೇಳಿದಳು. ಮಿತಿಗಿಂತ ಇನ್ನೂರು ಪೌಂಡು ಕಡಿಮೆ.

ವರ್ಲಿನ್ ನನ್ನ ಕಡೆ ನೋಡಿ ಟೋಪಿ ಎತ್ತಿದ. ನಾನು ಬಾಯಿ ಮುಚ್ಚಿಕೊಂಡೆ. ಮಾತೆಂದರೆ ಮಾತು.

ಎರಡು ದಿನ ಬಿಟ್ಟು ಹೊರಟೆವು. ಅಕ್ಟೋಬರಿನ ಗಾಳಿ ಎಡದಿಂದ ಬೀಸುತ್ತಿತ್ತು. ರಸ್ತೆ ನೆಟ್ಟಗೆ, ಸಪಾಟಾಗಿ ಪಶ್ಚಿಮಕ್ಕೆ ಹೋಗುತ್ತಿತ್ತು. ಟ್ರಕ್ಕು ಬಿಮ್ಮೆಂದು ಸಾಗುತ್ತಿದ್ದರೂ ಅದರ ಮುಂಭಾಗ ಹಗುರವಾದಂತೆ, ಚಕ್ರಗಳು ರಸ್ತೆಯನ್ನು ಪೂರ್ತಿ ಹಿಡಿಯದಂತೆ ನನಗನ್ನಿಸಿತು. ವರ್ಲಿನ್ ಸ್ಟೀರಿಂಗನ್ನು ಆಚೀಚೆ ತಿದ್ದುತ್ತಲೇ ಇದ್ದ. ಕೊಲರಾಡೋ ಗಡಿ ದಾಟಿ ಲಮಾರ್ ಬಿಟ್ಟ ಮೇಲೆ ಸಂಜೆಗತ್ತಲಾಯಿತು. ಎದುರಿನಿಂದ ಬರುವವರು ಒಬ್ಬರಾದ ಮೇಲೊಬ್ಬರು ನಮ್ಮ ಕಣ್ಣಿಗೆ ದೀಪ ಮಿಣುಕಿಸಿ ಹೋಗತೊಡಗಿದರು.

"ಈ ಕಡೆ ಜನ ಒಳ್ಳೆಯವರು. ಎಲ್ರೂ ನಮಸ್ಕಾರ ಮಾಡ್ತಿದಾರೆ" ಎಂದ.

"ನಮ್ಮ ದೀಪ ಅವರ ಕಣ್ಣಿಗೆ ಹೊಡೀತಿದೆ ವರ್ಲಿನ್."

"ದೀಪ ಕೆಳಗೇ ಹಾಕಿದೀನಿ."

"ದೀಪ ಕೆಳಗಿದೆ. ಮೂತಿ ಮೇಲೆದ್ದಿದೆ."

ಅವನು ಸ್ಟೀರಿಂಗನ್ನು ಮತ್ತೊಮ್ಮೆ ತಿದ್ದಿದ. ಹಿಂಭಾಗ ಕುಸಿದಿದ್ದರೆ ಮಾತ್ರ ಮೂತಿ ಏಳುತ್ತದೆ ಎಂಬುದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಆದರೂ ತೂಕ ಮಿತಿಯೊಳಗಿತ್ತು. ನಾನೇ ಕಿವಿಯಾರೆ ಕೇಳಿದ್ದೆ. ಎಲ್ಲಿ ಎಡವಿದ್ದೇವೆಂದು ಹೊಳೆಯದೆ, ಕೂತಲ್ಲೇ ಸೀಟ್ ಬೆಲ್ಟನ್ನು ಹಿಡಿದುಕೊಂಡಿದ್ದೆ.

ಲಾ ಹುಂಟಾದ ಹೊರಗೆ, ಟ್ರೈಲರುಗಳು ತಂಗುವ ಬಯಲಿನಲ್ಲಿ ನಿಲ್ಲಿಸಿದೆವು. ಮನೆಯಿಂದ ಮಾಡಿ ತಂದಿದ್ದ ಬಿಯರಾಕ್ ಬನ್ನುಗಳನ್ನು ಬಿಸಿ ಮಾಡಿದೆ. ಒಳಗೆ ಮಾಂಸ, ಎಲೆಕೋಸು, ಬೇಕಾದಷ್ಟು ಮೆಣಸು. ಮೇಜರ್ ತನ್ನ ಪಾಲಿಗಾಗಿ ಬಂದು ನನ್ನ ಕಾಲಿಗೆ ಒರಗಿ ಕೂತಿತು. ಅದರ ಭಾರಕ್ಕೆ ನನ್ನ ಕಾಲು ಪಕ್ಕಕ್ಕೆ ಸರಿಯಿತು.

ಗೋದಾಮಿನ ಹುಲ್ಲಿನ ಮೇಲೂ ಅದು ಹೀಗೇ ಒರಗಿ ಕೂತಿತ್ತು. ನಾನು ಪಕ್ಕದಲ್ಲಿ ನಿಂತಿದ್ದೆ. ವರ್ಲಿನ್ ಆಚೆ ನಿಂತು ಟೋಪಿ ಎತ್ತಿದ್ದ. ಕೈಯಲ್ಲಿದ್ದ ಬನ್ನನ್ನು ತಟ್ಟೆಗೆ ಹಾಕಿದೆ.

"ವರ್ಲಿನ್, ನಾವು ಇಳಿದಿದ್ವಿ."

"ಎಲ್ಲಿಂದ?"

"ಟ್ವೈಲಾ ತೂಗುವಾಗ. ನೀನು, ನಾನು, ಮೇಜರ್. ಯಾರೂ ಟ್ರಕ್ಕಲ್ಲಿರಲಿಲ್ಲ."

"ಇಳೀದೆ ಮತ್ತೆ? ತಕ್ಕಡಿ ಮೇಲೆ ಯಾರಾದ್ರೂ…" ಎಂದವನು ಅಲ್ಲಿಗೇ ನಿಲ್ಲಿಸಿದ.

ಅವನಿಗೂ ಅರ್ಥವಾಗಿತ್ತು. ಮಿತಿಯ ಅಂಕಿಯಲ್ಲಿ ಕೂರುವವರೂ ಸೇರುತ್ತಾರೆ. ನಾವು ಮೂವರು ಹತ್ತಿದರೆ ಆ ಇನ್ನೂರು ಪೌಂಡು ಎಲ್ಲಿ ಉಳಿಯುತ್ತದೆ? ತೂಗಿಸಿದ ಮೇಲೆ ಹಿಂದಿನ ಸೀಟಿಗೆ ತುಂಬಿದ್ದ ಸಾಮಾನು ಬೇರೆ, ಟ್ರೈಲರಿನ ಮುಂಭಾಗದ ತೊಟ್ಟಿಗೆ ತುಂಬಿದ ನೀರು ಬೇರೆ. ಹುಟ್ಟಿದಾಗಿನಿಂದ ತಕ್ಕಡಿಯಿಂದ ಇಳಿದು ಇಳಿದು ನಮ್ಮ ಮೈಗೂ ಭಾರವಿದೆ ಎಂಬುದನ್ನೇ ಮರೆತಿದ್ದೆವು.

ಅವನು ಬನ್ನನ್ನು ತಿಂದು ಮುಗಿಸಿದ, ಬೇಕೆಂದೇ ನಿಧಾನವಾಗಿ.

"ಕೊಯ್ಲಲ್ಲಿ ಇದರ ಎರಡರಷ್ಟು ಹೇರಿದೀವಿ. ಓರ್ಲನ್ನೂ ನಾನೂ. ಒಂದಿನ ಆದ್ರೂ ಏನಾದ್ರೂ ಆಯ್ತಾ?"

"ಹೊಲದಿಂದ ಗೋದಾಮಿಗೆ. ಚೆಂಡಿಟ್ಟರೆ ಉರುಳದ ರಸ್ತೆ ಅದು."

"ನಿಧಾನ ಇಳಿಸ್ತೀನಿ."

"ನಿಧಾನ ಮಾಡೋಕೆ ಬ್ರೇಕೇ ಬೇಕಲ್ಲ."

"ಎಲ್ಲದಕ್ಕೂ ಒಂದು ಉತ್ತರ ರೆಡಿ ಇಟ್ಕೊಂಡಿರ್ತೀಯ" ಎಂದು ಎದ್ದು ಬಾಗಿಲ ಬಳಿ ಹೋಗಿ ನಿಂತ. ಹೊರಗೆ ಬಿಳಿ ಟ್ರಕ್ಕು ಟ್ರೈಲರಿನ ಭಾರಕ್ಕೆ ಕುಂಡೆ ಊರಿದ ಕುದುರೆಯಂತೆ ನಿಂತಿತ್ತು. ಬೆನ್ನು ತಿರುಗಿಸಿಕೊಂಡೇ ಮಾತಾಡಿದ. "ಆ ದೊಡ್ಡ ಟ್ರಕ್ ತಗೊಂಡ್ರೆ ಈ ಡಬ್ಬಾನೇ ನಮ್ಮನೆ ಅಂತಾಯ್ತು. ಓರ್ಲನ್ ಟ್ರಕ್ ಇದ್ರೆ, ಸುಮ್ನೆ ಒಂದು ಸುತ್ತು ಹೋಗಿ ಬಂದ ಹಾಗೆ. ಮಾರ್ಚಿಗೆ ವಾಪಸ್."

"ವಾಪಸ್ ಎಲ್ಲಿಗೆ?"

ಅವನ ಮೊಣಕಾಲು ಟ್ರ್ಯಾಕ್ಟರ್ ಹತ್ತಲು ಬಿಡದ ಮೇಲೆ ಹೊಲ ಬಿಡೋಣ ಎಂದವನು ಅವನೇ. ಆದರೂ ಆ ಪ್ರಶ್ನೆ ಕೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

ಬೆಳಿಗ್ಗೆ ಪ್ಯೂಬ್ಲೋ ಹೊರವಲಯದವರೆಗೆ ತೆವಳಿದೆವು. ಲಾರಿಗಳು ನಿಲ್ಲುವ ತಾಣದಲ್ಲಿ ಒಂದು ತಕ್ಕಡಿ ಇತ್ತು. ವರ್ಲಿನ್ ನಾನು ಹೇಳದೆಯೇ ಅದರ ಮೇಲೆ ಟ್ರಕ್ಕು ತಂದು ನಿಲ್ಲಿಸಿದ. ಎಂಜಿನ್ ಆರಿಸಿ ಬಾಗಿಲ ಹಿಡಿಗೆ ಕೈ ಹಾಕಿದ.

"ಹೋಗಿ ಕಾಫಿ ತಗೊಂಡ್ಬಾ ನೇಡೀನ್. ಮೇಜರ್‌ನೂ ಕರ್ಕೊಂಡು ಹೋಗು, ಪಾಪ, ಕೂತು ಕೂತು ಸಾಕಾಗಿದೆ."

ಅಭ್ಯಾಸ ಬಲದಿಂದ ಹೇಳಿದನೋ, ಗೊತ್ತಿದ್ದೇ ಹೇಳಿದನೋ ಅವನ ಮುಖ ನೋಡಿದರೂ ತಿಳಿಯಲಿಲ್ಲ. ಈಗಲೂ ನನಗೆ ತಿಳಿದಿಲ್ಲ.

"ನಾನು ಇಳಿಯಲ್ಲ. ಘಟ್ಟದಲ್ಲೂ ಇಲ್ಲೇ ಕೂತಿರ್ತೀನಿ. ತೂಗೋದಾದ್ರೆ ನನ್ನೂ ಸೇರಿಸಿ ತೂಗು."

ಅವನು ಹಿಡಿಯಿಂದ ಕೈ ತೆಗೆದ. ಕಂಬದ ಮೇಲಿನ ಡಬ್ಬಿಯಿಂದ ಒಬ್ಬಳ ಧ್ವನಿ, ನಿಂತಿರುವ ರೀತಿ ಸರಿಯಿದೆ, ಅಲ್ಲಾಡಬೇಡಿ ಎಂದಿತು. ಟ್ವೈಲಾಳಂತೆ ತಮಾಷೆ ಮಾಡುವವರು ಯಾರೂ ಅಲ್ಲಿರಲಿಲ್ಲ. ಮೂವರೂ ಅಲ್ಲಾಡದೆ ಕೂತೆವು. ಅಂಕಿ ಬಂತು. ಮಿತಿ ಮೀರಿತ್ತು, ಅದೂ ತುಸುವಲ್ಲ. ನಾನು ಗೆದ್ದಿದ್ದೆ. ಅವನತ್ತ ನೋಡಲು ಧೈರ್ಯ ಬರಲಿಲ್ಲ.

ಅಲ್ಲಿಂದ ನೇರ ಪ್ಯೂಬ್ಲೋ ಊರೊಳಗಿನ ಟ್ರಕ್ ಅಂಗಡಿಗೆ ಹೋದೆವು. ಅಂಗಡಿಯವನು ಕೈ ಉಜ್ಜಿಕೊಳ್ಳುತ್ತ ಬಂದ. "ಇದು ಬೆಟ್ಟಾನೇ ಎಳೆಯುತ್ತೆ ಸಾರ್" ಎಂದ.

"ಎಳೆಯೋದು ಇರ್ಲಿ. ಎಷ್ಟು ಹೊರುತ್ತೆ?" ಎಂದು ವರ್ಲಿನ್ ಅವನಿಗಾಗಿ ಕಾಯದೆ ಬಾಗಿಲು ತೆರೆದು, ಕೆಟ್ಟ ಮೊಣಕಾಲನ್ನು ನೆಲಕ್ಕೂರಿ ಚೀಟಿ ಓದಿದ. ಹಾಗೇ ಸಾಲಿನಲ್ಲಿದ್ದ ಎಲ್ಲ ಟ್ರಕ್ಕುಗಳ ಬಾಗಿಲಲ್ಲೂ ಮೊಣಕಾಲೂರಿ ಎದ್ದ. ಕೊನೆಗೆ ಆರಿಸಿದ್ದು ಬೂದು ಬಣ್ಣದ, ಆರು ಚಕ್ರದ್ದು. "ನೀನೂ ಹತ್ತು. ಮೇಜರ್‌ನೂ ಹತ್ತಿಸು" ಎಂದ ನನಗೆ.

ಓರ್ಲನ್‌ನ ಟ್ರಕ್ಕನ್ನು ಅಲ್ಲೇ ಬಿಡಬೇಕಾಗಿತ್ತು. ಇಬ್ಬರೂ ಒಂದೊಂದು ಟ್ರಕ್ಕು ಓಡಿಸಿಕೊಂಡು ಘಟ್ಟ ಹತ್ತುವಷ್ಟು ಎದೆ ನನಗಿಲ್ಲ. ಅಣ್ಣನ ಮಗನಿಗೆ ಫೋನ್ ಮಾಡೋಣ, ಬಂದು ಒಯ್ಯಲಿ ಎಂದೆ.

"ಬೇಡ. ಅವನು ಬಂದ್ರೆ ನಾನೂ ಅವನ ಜೊತೆ ಹತ್ತಿಬಿಡ್ತೀನಿ" ಎಂದ. ಅದು ತಮಾಷೆಯೆಂದು ತೋರಿಸಲು ನಕ್ಕ. ನಾನು ನಗಲಿಲ್ಲ. ಓರ್ಲನ್‌ನ ಟ್ರಕ್ಕು ಅಂಗಡಿಯವನ ಪಾಲಾಯಿತು.

ಟ್ರೈಲರನ್ನು ಹೊಸ ಟ್ರಕ್ಕಿಗೆ ಕಟ್ಟಿ, ಕೊಂಡಿ ಸರಿಯಾಗಿ ಕಚ್ಚಿದೆಯೇ ಎಂದು ಒಂದು ಸಲ ಜಗ್ಗಿ ನೋಡಿದೆವು. ಮತ್ತೆ ಅದೇ ತಕ್ಕಡಿಗೆ ಹೋದೆವು. ಈ ಸಲ ಅವನ ಕೈ ಬಾಗಿಲ ಕಡೆ ಹೋಗಲಿಲ್ಲ. ತೂಕ ಮಿತಿಗಿಂತ ಎಷ್ಟೋ ಕೆಳಗಿತ್ತು.

ಸಲೈಡಾದ ಕಡೆ ರಸ್ತೆ ತಿರುಗಿದಾಗ ಬೆಟ್ಟಗಳು ಎದುರಿಗೆ ಬಂದು ನಿಂತವು. ತುದಿಗಳ ಮೇಲೆ ಆಗಲೇ ಹಿಮ. ವರ್ಲಿನ್ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದನ್ನು ಸೀಟಿನ ಸಂದಿಗೆ ಇಳಿಸಿ, ಬೆರಳುಗಳಿಂದ ತಡಕಾಡಿದ. ಹೊಸ ಸೀಟು, ಚೊಕ್ಕಟವಾಗಿತ್ತು. ಕೈ ಹೊರತೆಗೆದು ಪ್ಯಾಂಟಿಗೆ ಒರೆಸಿಕೊಂಡ, ಏನೋ ಅಂಟಿಕೊಂಡಂತೆ.

"ಎರಡೂ ಕೈ" ಎಂದೆ.

"ಗೊತ್ತು" ಎಂದ.

ಘಟ್ಟದ ತುದಿ ದಾಟಿದ ಮೇಲೆ ಇಳಿಜಾರಿನಲ್ಲಿ ಟ್ರಕ್ಕು ತನ್ನ ಭಾರವನ್ನು ತಾನೇ ಹಿಡಿದುಕೊಂಡು ಇಳಿಯಿತು. ನಾನು ಗನಿಸನ್ ಬರುವವರೆಗೂ ಕನ್ನಡಿಯನ್ನೊಮ್ಮೆ, ಅವನನ್ನೊಮ್ಮೆ ನೋಡುತ್ತಾ ಕೂತಿದ್ದೆ.