ಏಕಾಂತಪ್ಪನ ಕಣ್ಣಳತೆ

ಭದ್ರಾವತಿಯ ಗೊಬ್ಬರದ ಅಂಗಡಿಯಲ್ಲಿ ಏಕಾಂತಪ್ಪ ಕೂತಿದ್ದರೆ, ರೈತರು ಪೇಪರಿನಲ್ಲಿ ಸುತ್ತಿ ತಂದ ಎಲೆ, ಹೂವುಗಳನ್ನು ಅವನ ಮುಂದೆ ಬಿಚ್ಚಿಡುತ್ತಿದ್ದರು. ಅವನು ಒಮ್ಮೆ ನೋಡಿ, ಹಿಂದಕ್ಕೆ ಕೈ ಚಾಚಿ ಔಷಧಿಯ ಬಾಟಲಿ ತೆಗೆಯುವನು. ಮೂವತ್ತು ವರ್ಷದಿಂದ ಊರವರು ಅವನ ಕಣ್ಣನ್ನು ನಂಬಿದ್ದರು. ಊರವರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ಕೇಡು ಬಂದದ್ದು ಅಲ್ಲಿಂದಲೇ.

ಹೂವಮ್ಮ ಗಂಡ ಸತ್ತ ಮೇಲೆ ಒಂದೂವರೆ ಎಕರೆಯಲ್ಲಿ ಒಬ್ಬಳೇ ಮೆಣಸಿನಕಾಯಿ ಬೆಳೆಯುತ್ತಿದ್ದಳು. ಹೂವಿನೊಳಗೆ ಓಡಾಡುತ್ತಿದ್ದ ಸಣ್ಣ ಹುಳುಗಳನ್ನು ತಂದು ತೋರಿಸಿದಾಗ, ಇದು ಪ್ರತಿ ವರ್ಷ ಬರುವ ಹಳೇ ನುಸಿಯೇ ಎಂದು ಏಕಾಂತಪ್ಪ ಮಾಮೂಲಿ ಔಷಧಿ ಕೊಟ್ಟ. ಎರಡು ಸಲ ಹೊಡೆದರೂ ಹುಳು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ನವುಲೆಯ ಕೃಷಿ ಕಾಲೇಜಿನ ಪ್ರಯೋಗಾಲಯದವರು ಹುಳು ಕಳಿಸಲೆಂದು ಸ್ಪಿರಿಟ್ ತುಂಬಿದ ಪುಟ್ಟ ಬಾಟಲಿಗಳನ್ನು ಅಂಗಡಿಗಳಿಗೆ ಕೊಟ್ಟಿದ್ದರು. ಅದರಲ್ಲಿ ಹಾಕಿ ಕಳಿಸು ಎಂದು ಅವಳು ಹಟ ಹಿಡಿದಳು. ಅವನು ಅವಳೆದುರೇ ಹುಳು ಹಾಕಿ, ಹೆಸರು, ತಾರೀಖು ಬರೆದ. ಅವಳು ಹೋದ ಮೇಲೆ ಬಾಟಲಿಯನ್ನು ಡ್ರಾಯರಿಗೆ ತಳ್ಳಿದ. ನಿನ್ನೆ ಮೊನ್ನೆ ಓದಿ ಬಂದ ಮಕ್ಕಳು ತನ್ನ ಮಾತು ಸುಳ್ಳು ಎಂದುಬಿಟ್ಟರೆ? ಮರುದಿನ ಅವಳಿಗೆ ಇನ್ನೂ ಜೋರಾದ ಔಷಧಿ ಕೊಟ್ಟ.

ಹನ್ನೆರಡು ದಿನ ಕಳೆಯಿತು. ಹೂವಮ್ಮನ ಹೊಲದಲ್ಲಿ ಹೂವೆಲ್ಲ ಉದುರಿತೆಂದು ಕೇಳಿದಾಗ ಅವನು ಡ್ರಾಯರಿನಿಂದ ಬಾಟಲಿ ಹೊರತೆಗೆದ. ಅದನ್ನು ಹಿಡಿದು ತಾನೇ ಬಸ್ಸು ಹತ್ತಿ ನವುಲೆಗೆ ಹೋದ. ಪ್ರಯೋಗಾಲಯದ ಸ್ಫೂರ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿ ತಲೆ ಅಲ್ಲಾಡಿಸಿದಳು.

"ಬರೀ ಮರಿಗಳೇ ಇವೆ. ಯಾವ ಜಾತಿ ಅಂತ ನೋಡಿ ಹೇಳೋಕೆ ನನಗೂ ಆಗಲ್ಲ ಅಂಕಲ್. ಡಿಎನ್‌ಎ ಟೆಸ್ಟೇ ಮಾಡ್ಬೇಕು."

ಇಷ್ಟು ಓದಿದವಳು ತನಗೆ ಗೊತ್ತಿಲ್ಲವೆಂದು ಎಷ್ಟು ಸಲೀಸಾಗಿ ಹೇಳಿದಳು ಎಂದು ಅವನಿಗೆ ಆಶ್ಚರ್ಯವಾಯಿತು. ಮೂರನೆಯ ದಿನ ಫೋನು ಬಂತು. ಅದು ಹೊರದೇಶದಿಂದ ಬಂದ ನುಸಿ. ಅವನು ಕೊಟ್ಟ ಔಷಧಿ ಅದಕ್ಕೆ ತಾಗದು. ಅದನ್ನು ತಿನ್ನುವ ಒಳ್ಳೆಯ ಹುಳುಗಳನ್ನಷ್ಟೇ ಕೊಂದಿತ್ತು. ಬಾಟಲಿಯ ಮೇಲಿನ ತಾರೀಖಿಗೇ ಕಳಿಸಿದ್ದರೆ ಅರ್ಧ ಹೊಲವಾದರೂ ಉಳಿಯುತ್ತಿತ್ತೇನೋ ಎಂದಳು ಸ್ಫೂರ್ತಿ.

ಅವನು ಹೊಲಕ್ಕೆ ಹೋದಾಗ ಹೂವಮ್ಮ ಗಿಡಗಳನ್ನು ಬೇರುಸಹಿತ ಕಿತ್ತು ಗುಡ್ಡೆ ಹಾಕುತ್ತಿದ್ದಳು.

"ಬಾಟ್ಲಿ ನಾನು ಕಳಿಸಿರಲಿಲ್ಲ ಹೂವಮ್ಮ. ನನ್ನ ಮಾತು ಸುಳ್ಳಾಗುತ್ತೆ ಅಂತ ಹನ್ನೆರಡು ದಿನ ಡ್ರಾಯರಲ್ಲೇ ಇಟ್ಕೊಂಡಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಅಷ್ಟೂ ದಿನ ಬೆನ್ನಿಗೆ ಕ್ಯಾನ್ ಹೊತ್ಕೊಂಡು ಹೊಡೆದೆ ಅಣ್ಣ. ನೀನು ಹೇಳಿದೀಯ ಅಂತ," ಎಂದಳು. ಇನ್ನೊಂದು ಗಿಡ ಕಿತ್ತಳು. "ನನ್ನದು ಹೋಯ್ತು. ಆ ವೆಂಕಟಾಚಲಂಗಾದ್ರೂ ಹೋಗಿ ಹೇಳು."

ಬೇಲಿಯಾಚೆ ವೆಂಕಟಾಚಲ ತನ್ನ ಮೆಣಸಿನ ಗಿಡಗಳಿಗೆ, ಏಕಾಂತಪ್ಪನೇ ಕೊಟ್ಟ ಔಷಧಿಯನ್ನು ಯಂತ್ರದಲ್ಲಿ ಸಿಂಪಡಿಸುತ್ತಿದ್ದ. ಏಕಾಂತಪ್ಪ ಬೇಲಿ ದಾಟಿ ಹತ್ತಿರ ಹೋದ.

"ನಿಲ್ಸು ಮಾರಾಯ. ನಾನು ಹೇಳಿದ್ದು ತಪ್ಪು."

ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಏಕಾಂತಪ್ಪ ಅದನ್ನೇ ಮತ್ತೊಮ್ಮೆ, ಈ ಸಲ ರಸ್ತೆಯಲ್ಲಿ ಹೋಗುವವರಿಗೂ ಕೇಳುವಂತೆ, ಕೂಗಿ ಹೇಳಿದ.